ಹೋಗಿ ಇರು

“ಉಜ್ಜಿನಕ್ಕ, ನಿಮ್ಮ ಹಾಡಿಗೆ ರೊಕ್ಕ ಬಂದೈತ್ರಿ” ಎನ್ನುತ್ತ ಈಶ್ವರ್ ಚಪ್ಪಲಿ ಬಿಟ್ಟು ಒಳಗೆ ಬಂದ. ಕೂರಲು ಜಾಗವೆಲ್ಲಿದೆ? ರಾಯದುರ್ಗದ ಆ ಒಂದೇ ಕೋಣೆಯ ಮನೆಯಲ್ಲಿ ನೆಲ ಕಾಣದಷ್ಟು ಜೀನ್ಸ್ ಪ್ಯಾಂಟುಗಳು ಬಿದ್ದಿದ್ದವು. ಕಾರ್ಖಾನೆಯಿಂದ ತಂದ ಮಾಲು. ಉಜ್ಜಿನಮ್ಮ ಒಂದು ಮಗ್ಗುಲಲ್ಲಿ, ಮಗಳು ಮಂಜುಳ ಇನ್ನೊಂದು ಮಗ್ಗುಲಲ್ಲಿ ಕೂತು ಹೊಲಿಗೆಯ ತುದಿದಾರ ಕತ್ತರಿಸುತ್ತಿದ್ದರು. ಮಂಜುಳಳ ಎಡಗೈ ಮಣಿಕಟ್ಟು ಇನ್ನೂ ಮಡಚುತ್ತಿರಲಿಲ್ಲ. ಪ್ಯಾಂಟನ್ನು ಮೊಣಕಾಲ ಕೆಳಗೆ ಒತ್ತಿಟ್ಟುಕೊಂಡು ಬಲಗೈ ಒಂದರಲ್ಲೇ ಕತ್ತರಿ ಆಡಿಸುತ್ತಿದ್ದಳು. ಗುಡಿಬಂಡೆಯ ಗಂಡನ ಮನೆಯಿಂದ ಆಟೊದಲ್ಲಿ ಮಡಕಶಿರಕ್ಕೆ, ಅಲ್ಲಿಂದ ಬಸ್ಸು ಬದಲಾಯಿಸುತ್ತ ಇಲ್ಲಿಗೆ, ಮುರಿದ ಆ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಬಂದು ನಾಲ್ಕು ತಿಂಗಳಾಗಿತ್ತು.

ಹಾಡು ಹುಟ್ಟಿದ್ದು ಆರು ವರ್ಷದ ಕೆಳಗೆ, ಇದೇ ಮಂಜುಳಳ ಮದುವೆಯಲ್ಲಿ. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಉಜ್ಜಿನಮ್ಮ ತಾನೇ ಕಟ್ಟಿ ಹಾಡಿದ್ದಳು: ‘ಹೋಗಿ ಬಾ ಅನ್ನಲಾರೆ ಮಗಳೆ, ಹೋಗಿ ಇರು ಅಂತೀನಿ.’ ನಮ್ಮ ಕಡೆ ಅಂಗಡಿಗೆ ಹೊರಟವರಿಗೂ ಹೋಗಿ ಬಾ ಅನ್ನುತ್ತಾರೆ. ಹೆತ್ತವಳೇ ಹಾಗೆ ಅನ್ನಲಾರೆ ಅಂದದ್ದಕ್ಕೆ ಚಪ್ಪರದಲ್ಲಿದ್ದ ಐನೂರು ಮಂದಿ ಅತ್ತಿದ್ದರು. ವಿಡಿಯೊ ತೆಗೆಯಲು ಬಂದಿದ್ದ ಈಶ್ವರ್ ಅದನ್ನು ಒಂದು ಕಂಪನಿಗೆ ಮುಟ್ಟಿಸಿದ, ಅವರು ಬಳ್ಳಾರಿಯ ಹುಡುಗಿಯೊಬ್ಬಳಿಂದ ಹಾಡಿಸಿದರು. ಈಗ ಈ ಸೀಮೆಯಲ್ಲಿ ಹೆಣ್ಣು ಕಾರು ಹತ್ತುವಾಗ ಆ ಹಾಡು ಹಾಕದ ಮದುವೆಯಿಲ್ಲ.

“ಎಷ್ಟು ಬಂತಪ್ಪ?” ಉಜ್ಜಿನಮ್ಮ ಕೇಳಿದಳು.

“ಸಾವಿರದ ಎಂಟುನೂರ ನಲವತ್ತು. ಒಂದು ವರ್ಷದ್ದು.” ಈಶ್ವರ್ ಪ್ಯಾಂಟುಗಳನ್ನು ಸರಿಸಿ ಕೂತು ಕಾಗದ ಬಿಡಿಸಿದ. “ಬಳ್ಳಾರಿ ಕಡೆ ರೇಡಿಯೊದಾಗ ಇಷ್ಟು ಸಲ ಬಂದೈತಿ. ಹೊಸಪೇಟಿದು ಒಂದು ಹೋಟ್ಲು, ಒಂದು ಸೀರಿ ಅಂಗಡಿ. ಹಾಡು ಹಾಕಾಕ ಅವರು ಕಟ್ಟಿದ ಲೈಸೆನ್ಸ್ ರೊಕ್ಕ ಎಲ್ಲಾ ಹಾಡಿಗೂ ಹಂಚ್ತಾರ. ನಿಮ್ಮ ಹಾಡಿಗೆ ಬಂದದ್ರಾಗ ಅರ್ಧ ಕಂಪನಿಗೆ. ಉಳಿದರ್ಧದಾಗ ಪದ ಕಟ್ಟಿದೋರಿಗೆ ಒಂದು ಪಾಲು, ರಾಗ ಹಾಕಿದೋರಿಗೆ ಒಂದು ಪಾಲು. ಎರಡೂ ನೀವ ಇರೋದಕ್ಕ ಇಷ್ಟಾರ ಬಂತು ನೋಡ್ರಿ.”

“ಮದುವಿಗಳದು?”

“ಮದುವಿಗೆ ಲೆಕ್ಕ ಇಲ್ರಿ ಅಕ್ಕ. ಕಾಯ್ದೇನ ಹಂಗೈತಿ. ಮದುವ್ಯಾಗ ಯಾವ ಹಾಡು ಹಾಕಿದ್ರೂ ಯಾರಿಗೂ ರೊಕ್ಕ ಕಟ್ಟಂಗಿಲ್ಲ, ಯಾರನ್ನೂ ಕೇಳಂಗಿಲ್ಲ. ಮಾಫಿ.”

“ಮದುವಿ ಬಿಟ್ರ ಅದಕ್ಕ ಇನ್ನೆಲ್ಲಿ ಕೆಲಸ ಐತೋ ತಮ್ಮ? ದೋಸಿ ತಿನ್ನಾಕ ಬಂದೋರು ಅದನ್ನ ಕೇಳಿ ಏನ್ ಮಾಡ್ತಾರ?”

“ಅದಕ್ಕ ಇಷ್ಟು ಬಂದೈತಿ. ಮದುವಿನೂ ಹಿಡಿದಿದ್ರ ನೀವು ಪ್ಯಾಂಟ್ ಫ್ಯಾಕ್ಟರೀನ ಕೊಂಡ್ಕೊಂತಿದ್ರಿ” ಎಂದು ಈಶ್ವರ್ ನಕ್ಕ.

ಉಜ್ಜಿನಮ್ಮ ಕತ್ತರಿ ಕೆಳಗಿಟ್ಟಳು. “ಆ ರೊಕ್ಕ ಅವರಿಗೇ ವಾಪಸ್ ಕೊಟ್ಬಿಡು. ಹಾಡು ನಿಲ್ಸಾಕ ಬರ್ತೈತೇನು, ಅದನ್ನ ಹೇಳು.”

ಈಶ್ವರ್‌ಗೆ ಇದು ರೊಕ್ಕ ಕಮ್ಮಿಯಾದ ಸಿಟ್ಟು ಅನ್ನಿಸಿತು. ಅವನಿಗೇನು ಗೊತ್ತು? ಆರು ವರ್ಷದಲ್ಲಿ ಮಂಜುಳ ಬ್ಯಾಗು ತುಂಬಿ ತವರಿಗೆ ಹೊರಟಾಗೆಲ್ಲ ಅವಳ ಅತ್ತೆ ಮೊಬೈಲಿನಲ್ಲಿ ಆ ಹಾಡನ್ನೇ ಜೋರಾಗಿ ಹಾಕಿ, “ಕೇಳ್ಕೊಳಮ್ಮಿ, ನಿಮ್ಮಮ್ಮನೇ ಏನಂದವ್ಳೆ ಅಂತ” ಅನ್ನುತ್ತಿದ್ದಳಂತೆ. ಮಂಜುಳ ಬ್ಯಾಗು ಇಳಿಸುತ್ತಿದ್ದಳಂತೆ. ಈ ಮಾತು ಉಜ್ಜಿನಮ್ಮನಿಗೆ ಗೊತ್ತಾದದ್ದೂ ಕೈ ಮುರಿದ ಮೇಲೆಯೇ, ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸುತ್ತ ಕೂತಾಗ.

“ಆಗಂಗಿಲ್ರಿ ಅಕ್ಕ. ಹಾಡು ಕಂಪನಿದು, ನೀವ ಸಹಿ ಮಾಡಿ ಕೊಟ್ಟೀರಿ. ಅವರ ಕೈಕಾಲು ಹಿಡಿದು ರೇಡಿಯೊದಾಗ ನಿಲ್ಸಿದ್ರೂ ಮದುವಿ ಮಂದೀನ ಯಾರು ತಡೀತಾರ? ಅವರು ಯಾರನ್ನೂ ಕೇಳೋ ಹಂಗ ಇಲ್ಲಲ್ಲ.”

“ಹಂಗಾರ ಇನ್ನೊಂದು ಕಟ್ಟಿಕೊಡ್ತೀನಿ. ರಾಗ ಅದ ಇರಲಿ. ಹೋಗಿ ಬಾ ಮಗಳೆ ಅಂತ. ತಡಕೊಳಾಕ ಆಗಲಿಲ್ಲಂದ್ರ ಬಂದ್ಬಿಡು, ಚಿಲಕ ಹಾಕಿಲ್ಲ ಅಂತ. ರೊಕ್ಕ ಬ್ಯಾಡ, ಸುಮ್ಮನ ಕೊಡ್ತೀನಿ.” ನಾಲ್ಕು ತಿಂಗಳಿಂದ ದಾರ ಕತ್ತರಿಸುತ್ತ ಉಜ್ಜಿನಮ್ಮ ಅದನ್ನೇ ಜೋಡಿಸಿದ್ದಳು.

“ಅದನ್ನ ಯಾರು ಹಾಕ್ತಾರ್ರಿ?” ಈಶ್ವರ್ ಮೆತ್ತಗೆ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. “ಬೀಗರ ಮುಂದ, ಅಕ್ಕಿಕಾಳು ಹಾಕಿದ ದಿನಾನ, ಬಂದ್ಬಿಡು ಅಂತ ಹಾಡಿದ್ರ ಜಗಳ ಬೀಳ್ತೈತಿ. ಬ್ಯಾಂಡ್‌ಸೆಟ್‌ನೋರು ಒದಿ ತಿಂತಾರ. ಬಿಡ್ರಿ, ಬಂದದ್ದು ತಗೊಳ್ರಿ.” ಕಾಗದ ಮಡಚಿ, ಅದರ ಮೇಲೆ ನೋಟುಗಳನ್ನಿಟ್ಟು ಅವಳ ಕಡೆ ಸರಿಸಿದ. ಉಜ್ಜಿನಮ್ಮ ಮುಟ್ಟಲಿಲ್ಲ.

ಇಷ್ಟು ಹೊತ್ತು ತಲೆ ಎತ್ತದಿದ್ದ ಮಂಜುಳ ಕತ್ತರಿ ನಿಲ್ಲಿಸಿದಳು.

“ಈಶ್ವರ್ ಮಾಮ, ಪದ ಕಟ್ಟಿದೋರಿಗೆ ಒಂದು ಪಾಲು, ರಾಗ ಹಾಕಿದೋರಿಗೆ ಒಂದು ಪಾಲು ಅಂದ್ರಿ. ಹಾಡಿನ್ಯಾಗ ಹೇಳಿದಂಗ ನಡಕೊಂಡೋರಿಗೆ ಎಷ್ಟ್ರಿ?”

ಈಶ್ವರ್ ನೋಟುಗಳನ್ನು ಪಕ್ಕಕ್ಕಿಟ್ಟು ಕಾಗದವನ್ನು ಮತ್ತೆ ಬಿಡಿಸಿದ. ಅವನ ಬೆರಳು ಒಂದೊಂದೇ ಸಾಲಿನ ಮೇಲೆ ನಿಲ್ಲುತ್ತ ಕೆಳಗಿಳಿಯಿತು. ಕೊನೆಯ ಸಾಲು ಮುಗಿದ ಮೇಲೆ ಕಾಗದ ತಿರುವಿ, ಖಾಲಿ ಇದ್ದ ಹಿಂಬದಿಯಲ್ಲೂ ಹುಡುಕಿದ.