ಹನ್ನೆರಡು ಸೆಕೆಂಡು

ಮಿಲ್ಲಿನ ಗೇಟಿನ ಮುಂದೆ ಮುಷ್ಕರಕ್ಕೆ ಕೂತಿದ್ದ ಮುದುಕನ ತಲೆಗೆ ಕಾವಲುಗಾರರ ಮುಖ್ಯಸ್ಥ ಕಬ್ಬಿಣದ ರಾಡು ಬೀಸಿದ ಗಳಿಗೆಯಲ್ಲೇ ಪತ್ರಿಕೆಯ ಫೋಟೋಗ್ರಾಫರ್ ಗುಂಡಿ ಒತ್ತಿದಳು. ಅವನು ತಿರುಗಿ ಅವಳ ಕಡೆಗೇ ನುಗ್ಗಿದ. ಕ್ಯಾಮೆರಾದ ಕೆಂಪು ದೀಪ ಮಿನುಗತೊಡಗಿತ್ತು. ಕಚೇರಿಗೆ ಹೊಸದಾಗಿ ಬಂದಿದ್ದ ಆ ಡಿಜಿಟಲ್ ಕ್ಯಾಮೆರಾಕ್ಕೆ ಒಂದು ಚಿತ್ರ ಉಳಿಸಿಕೊಳ್ಳಲು ಹನ್ನೆರಡು ಸೆಕೆಂಡು ಬೇಕು. ನಡುವೆ ಬ್ಯಾಟರಿ ಅಲುಗಿದರೆ ಚಿತ್ರ ಹೋದಂತೆಯೇ. ರೀಲಿನ ಕ್ಯಾಮೆರಾ ಆಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಹಿಡಿಶಾಪ ಹಾಕುತ್ತಲೇ ಅವಳು ಅದನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿ ಕೂತಳು.

ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ಬಲಗೈಯ ಬೆರಳುಗಳು ಲಟಕ್ಕನೆ ಮುರಿದವು. ಅವಳು ಹಲ್ಲು ಕಚ್ಚಿ ಸೆಕೆಂಡು ಎಣಿಸುತ್ತಲೇ ಇದ್ದಳು. ಹನ್ನೊಂದಕ್ಕೆ ಬಾಯಿಗೆ ರಕ್ತ ಬಂತು. ಹನ್ನೆರಡಕ್ಕೆ ದೀಪ ಹಸಿರಾಯಿತು.

"ರೀಲು ತೆಗಿಯೇ," ಎಂದು ಅವನು ಕ್ಯಾಮೆರಾ ಕಿತ್ತುಕೊಂಡ.

"ಇದರಲ್ಲಿ ರೀಲಿರಲ್ಲ. ಹಿಂದ್ಗಡೆ ನೋಡು, ಅಲ್ಲೇ ಕಾಣ್ತಿದೆ."

ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಮುದುಕ ಎರಡೂ ಕೈ ಜೋಡಿಸಿದ್ದ. ರಾಡು ಎತ್ತಿದವನು ಬಾಯಿ ತುಂಬ ನಗುತ್ತಿದ್ದ. ಇಷ್ಟು ವರ್ಷ ಹೊಡೆಯುತ್ತಲೇ ಬಂದವನು ಹೊಡೆಯುವಾಗಿನ ತನ್ನ ಮುಖವನ್ನು ಒಮ್ಮೆಯೂ ಕಂಡಿರಲಿಲ್ಲ. ರಾಡಿನ ಮೇಲಿನ ರಕ್ತ ಆರುವ ಮೊದಲೇ ಆ ಮುಖ ತೋರಿಸುವುದು ಯಾವ ರೀಲಿನ ಕೈಯಲ್ಲೂ ಆಗುತ್ತಿರಲಿಲ್ಲ.

"ನಾನು ನಗ್ತಿದ್ನಾ?" ಎಂದ.

"ಹೂಂ."

ಪರದೆ ತಾನಾಗಿಯೇ ಕಪ್ಪಾಯಿತು. ಅವನು ರಾಡನ್ನು ಸದ್ದಾಗದಂತೆ ನೆಲಕ್ಕಿಟ್ಟು, ಎರಡೂ ಕೈಯಲ್ಲಿ ಕ್ಯಾಮೆರಾವನ್ನು ಅವಳತ್ತ ಚಾಚಿದ.

"ಇನ್ನೊಂದ್ಸಲ ತೋರಿಸಿ, ಅಕ್ಕ."