ಚೀಟಿಯಲ್ಲಿ ಬಂದ ದೇಶ

ಆ ಮನುಷ್ಯ ಮತ್ತೆ ಫೋಟೋ ತೆಗೆದ. ಇದು ಮೂರನೆಯ ದಿನ.

ಏಳನೇ ತರಗತಿಯ ಕಿಟಕಿಯಿಂದ ಹೀನಾ ಟೀಚರ್ ನೋಡುತ್ತಲೇ ಇದ್ದಳು. ವಯಸ್ಸು ನಲವತ್ತರ ಆಸುಪಾಸು, ಹೆಗಲ ಮೇಲೆ ಟವೆಲು, ಹಣೆಯಲ್ಲಿ ವಿಭೂತಿ. ಗೇಟಿನಾಚೆ ಬೈಕು ನಿಲ್ಲಿಸಿ, ಕಾಂಪೌಂಡ್ ಗೋಡೆಯ ಮೇಲೆ ಅವಳ ಮಕ್ಕಳು ಬರೆದ ಧ್ವಜಕ್ಕೆ ಮೊಬೈಲ್ ಹಿಡಿದಿದ್ದ. ಹಸಿರು ತ್ರಿಕೋನ, ಅದರೊಳಗೆ ಬಿಳಿ ಅರ್ಧಚಂದ್ರ, ನಾಲ್ಕು ನಕ್ಷತ್ರ.

ಬಬಲೇಶ್ವರದ ಆ ಶಾಲೆಗೆ ಐವತ್ತು ವರ್ಷ ತುಂಬಿತ್ತು. ಹಬ್ಬಕ್ಕೆ ಒಂದೊಂದು ತರಗತಿ ಒಂದೊಂದು ದೇಶವನ್ನು ದತ್ತು ತೆಗೆದುಕೊಳ್ಳಬೇಕೆಂದು ತೀರ್ಮಾನವಾಯಿತು. ಚೀಟಿ ಎತ್ತಿದರು. ಹತ್ತನೆಯವರಿಗೆ ಜಪಾನು ಬಂತು, ಒಂಬತ್ತನೆಯವರಿಗೆ ಬ್ರೆಜಿಲ್. ಏಳನೆಯವರ ಪರವಾಗಿ ಇರ್ಫಾನಾ ಎತ್ತಿದ ಚೀಟಿಯಲ್ಲಿ ‘ಕೊಮೊರೋಸ್’ ಎಂದಿತ್ತು. ಹೀನಾಳೇ ಆ ಹೆಸರು ಕೇಳಿರಲಿಲ್ಲ. ಹುಡುಕಿದರೆ, ಆಫ್ರಿಕಾದ ಪಕ್ಕ ಸಮುದ್ರದಲ್ಲಿ ಚೆಲ್ಲಿದ ಕಾಳಿನಂಥ ದ್ವೀಪಗಳು. ಮಕ್ಕಳಿಗೆ ಹುಚ್ಚೇ ಹಿಡಿಯಿತು. ಹೊಲದ ಎರೆಮಣ್ಣು ತಂದರು, ದೊಡ್ಡ ತಗಡಿನ ಪರಾತದಲ್ಲಿ ದ್ವೀಪ ಕಟ್ಟಿದರು, ಬೆಂಕಿಬೆಟ್ಟ ಎಬ್ಬಿಸಿದರು, ಸುತ್ತಲೂ ನೀಲಿ ಕಲಸಿದ ನೀರು ಸುರಿದರು.

ಧ್ವಜ ಗೋಡೆಗೇರಿದ ದಿನ ಮುಖ್ಯೋಪಾಧ್ಯಾಯಿನಿ ಶೈಲಾ ಮೇಡಂ ಪಕ್ಕಕ್ಕೆ ಕರೆದಿದ್ದರು. “ಹೀನಾ, ಕೆಳಗ ದೇಶದ ಹೆಸರು ದೊಡ್ಡದಾಗಿ ಬರಸ್ರಿ. ಮಂದಿ ಓದೂದಿಲ್ಲ, ಬಣ್ಣ ಅಷ್ಟ ನೋಡ್ತಾರ.”

ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದಳು. ಆದರೂ ಈತ ಬಂದಿದ್ದ.

ಸಂಜೆ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದಾಗ ಬೈಕು ಅವಳ ಮುಂದೆಯೇ ನಿಂತಿತು.

“ಆ ಗ್ವಾಡಿ ಮ್ಯಾಲಿನ ದೇಶ ನಿಮ್ಮ ವರ್ಗದ್ದೇನ್ರಿ ಅಕ್ಕಾರ?”

“ಹೌದ್ರಿ.”

“ಜಗತ್ತಿನ್ಯಾಗ ಇಷ್ಟು ದೇಶ ಅದಾವ. ಇದನ್ನ ಯಾಕ ಹಿಡದ್ರಿ? ಯಾರು ಹೇಳಿದ್ರು ನಿಮಗ?”

“ಯಾರೂ ಹೇಳಿಲ್ರಿ. ಚೀಟಿ ಎತ್ತಿದ್ವಿ.”

“ಅಲ್ಲಿ ಇರೂದು ಎಲ್ಲಾ ನಿಮ್ಮ ಮಂದೀನ ಅಲ್ರಿ?”

“ಬಹುತೇಕ... ಹೌದ್ರಿ.”

“ಅಂದ್ರ ನಮ್ಮಾವ ಅನ್ನಾಂವ ಒಬ್ಬನೂ ಇಲ್ಲ.” ಇನ್ನೇನೋ ಹೇಳಲು ಬಾಯಿ ತೆರೆದವನು ಹೇಳದೆ ಬೈಕಿನ ಕಿಕ್ಕರ್ ಒದ್ದ. “ನಾ ಮಮದಾಪುರದ ಗುರಲಿಂಗಪ್ಪ. ನಾಳೆ ನಮ್ಮ ಮಂದೀನ ಕರಕೊಂಡು ಬರ್ತೀನಿ. ಅಲ್ಲೀತನಕ ಏನೂ ತಗೀಬ್ಯಾಡ್ರಿ. ಎಲ್ಲಾ ಹಂಗ ಇರ್ಲಿ.”

ಬಸ್ಸಿನಲ್ಲಿ ಅವಳಿಗೆ ಅದೇ ಯೋಚನೆ. ಒಂದು ಫೋಟೋ ಸಾಕು. ಯಾವುದೋ ಊರಿನ, ಯಾವುದೋ ಗುಂಪಿನ ಮೊಬೈಲಿಗೆ ಹೋದರೆ ಗೋಡೆಯ ಹೆಸರನ್ನು ಯಾರು ಓದುತ್ತಾರೆ? ಹೀನಾ ಎಂಬ ತನ್ನ ಹೆಸರನ್ನು ಮಾತ್ರ ಎಲ್ಲರೂ ಓದುತ್ತಾರೆ. ಮನೆಯಲ್ಲಿ ಗಂಡ ನಾಸೀರ ವಿಷಯ ಕೇಳಿ, ನಾಳೆ ರಜಾ ಹಾಕು ಅಂದ. ಹಬ್ಬದ ದಿನವೇ ಮೂವತ್ತೆಂಟು ಮಕ್ಕಳನ್ನು ಬಿಟ್ಟು ಹೇಗೆ ಹಾಕುವುದು?

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ತರಗತಿಯೊಳಗಿನ ಕಾಗದದ ಬಾವುಟಗಳನ್ನು ಕೀಳತೊಡಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ಇರ್ಫಾನಾ ನಿಂತಿದ್ದಳು.

“ಯಾಕ್ರಿ ಟೀಚರ್? ನಾವೇನ ತಪ್ಪ ಮಾಡೇವ್ರಿ?”

ಹೀನಾಳ ಕೈ ನಿಂತಿತು. ಕಿತ್ತ ಬಾವುಟಗಳನ್ನು ಒಂದೊಂದಾಗಿ ಮತ್ತೆ ಅಂಟಿಸಿದಳು.

ಹನ್ನೊಂದಕ್ಕೆ ಜೀಪು ಬಂತು. ಅಂಗಳದಲ್ಲಿ ಜಪಾನಿನ ಕೊಡೆಗಳು, ಬ್ರೆಜಿಲ್ಲಿನ ಡೋಲು, ನೂಕುನುಗ್ಗಲು. ಅದನ್ನೆಲ್ಲ ಸೀಳಿಕೊಂಡು ಗುರಲಿಂಗಪ್ಪ ಮುಂದೆ, ಅವನ ಹಿಂದೆ ಆರೇಳು ಗಂಡಸರು. ಯಾರೂ ನಗುತ್ತಿರಲಿಲ್ಲ. ಅತ್ತಿತ್ತ ಕಣ್ಣು ಹೊರಳಿಸಲಿಲ್ಲ. ಒಬ್ಬನ ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ ಇತ್ತು. ನೇರ ಏಳನೇ ತರಗತಿಗೇ ಬಂದರು.

“ಎಲ್ಲಾರೂ ಹಿಂದಿನ ಗ್ವಾಡಿಗೆ ಹೋಗ್ರಿ,” ಹೀನಾ ಮಕ್ಕಳಿಗೆ ಹೇಳಿದಳು. ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. “ಹುಡುಗರದೇನೂ ತಪ್ಪಿಲ್ರಿ. ಏನಿದ್ರೂ ನನ್ನ ಕೇಳ್ರಿ.”

“ನಿಮ್ಮನ್ನ ಕೇಳಾಕ ಬಂದೇವ್ರಿ,” ಅಂದ ಗುರಲಿಂಗಪ್ಪ. ಅವನ ಧ್ವನಿ ಒಡೆದಿತ್ತು. “ದಾರಿ ಬಿಡ್ರಿ ಅಕ್ಕಾರ.”

ಗಂಡಸರು ಎರಡು ಸಾಲಾಗಿ ಸರಿದರು. ನಡುವೆ ಒಬ್ಬ ಮುದುಕಿ. ತಲೆಯ ಮೇಲಿನ ಸೆರಗು ಹಲ್ಲಲ್ಲಿ ಕಚ್ಚಿಕೊಂಡು, ಗೋಡೆ ಹಿಡಿದು ಬಂದಳು.

“ಇಕಿ ನಮ್ಮವ್ವ, ಕಾಶಿಬಾಯಿ.”

ಹೀನಾಳ ಕೈಗಳು ತಾವಾಗಿಯೇ ಇಳಿದವು. ಮುದುಕಿ ಅವಳನ್ನು ದಾಟಿ ಹೋಗಿ, ಮಣ್ಣಿನ ದ್ವೀಪಗಳ ಪರಾತದ ಮುಂದೆ ನೆಲಕ್ಕೆ ಕೂತಳು. ಹಿಂದೆ ಬಂದವನು ಕಂಕುಳಿಂದ ತೆಗೆದುಕೊಟ್ಟ ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ವಿಭೂತಿ ಗಟ್ಟಿ, ಒಂದು ಹಿಡಿ ಬಿಲ್ವಪತ್ರಿ. ಪತ್ರಿ ಹಿಡಿದ ಕೈ ಒಂದು ದ್ವೀಪದಿಂದ ಇನ್ನೊಂದರ ಮೇಲೆ ಆಡಿತು, ಎಲ್ಲಿ ಇಡಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವಳು ಹೀನಾಳ ಕಡೆ ಮುಖ ಎತ್ತಿದಳು.

“ಯವ್ವಾ, ನನ್ನ ಸಣ್ಣ ಮಗನ್ನ ಹಡಗಿನ ಮಂದಿ ಈ ದೇಶದಾಗ ಮಣ್ಣ ಮಾಡಿ ಹ್ವಾದ್ರಂತ, ಇದರಾಗ ನಮ್ಮ ಸಂಗು ಎಲ್ಲಿ ಮಲಗ್ಯಾನ, ತೋರಸ ಬೇ.”