ಪಶ್ಚಿಮದ ನೋಟ

ನಗರದ ವೀಕ್ಷಣಾ ಗೋಪುರದ ಕೆಲಸ ಮುಗಿಯುತ್ತ ಬಂದಾಗ ಪಾಲಿಕೆಯ ಆಯುಕ್ತರು ಮೊದಲ ಸಲ ಮೇಲೆ ಬಂದರು. ಗೋಪುರದ ವಿನ್ಯಾಸ ಮಾಡಿದ ನಿರುಪಮಾ ಜೊತೆಗಿದ್ದಳು. ಪೂರ್ವದ ಕೆರೆ, ಉತ್ತರದ ಕೋಟೆ ನೋಡಿ ಖುಷಿಪಟ್ಟವರು ಪಶ್ಚಿಮಕ್ಕೆ ತಿರುಗಿದ ಕೂಡಲೇ ಮುಖ ಸಿಂಡರಿಸಿದರು. ಕೆಳಗೆ ತಗಡಿನ ಸೂರುಗಳ ಕೊಳೆಗೇರಿಯಿತ್ತು. ಗೋಪುರ ಕಟ್ಟಿದ ಕೂಲಿಯವರಲ್ಲಿ ಬಹಳಷ್ಟು ಜನ ಅಲ್ಲಿಯವರೇ.

"ಈ ಕಡೆ ಒಂದು ಗೋಡೆ ಎಬ್ಬಿಸಿಬಿಡಿ ಮೇಡಂ. ಉದ್ಘಾಟನೆಗೆ ದೊಡ್ಡವರೆಲ್ಲ ಬರ್ತಾರೆ. ಇದನ್ನ ತೋರಿಸೋಕಾಗುತ್ತಾ?"

"ಇದೂ ಊರೇ ಅಲ್ವಾ ಸರ್? ಕಟ್ಟಿದವರನ್ನೇ ಮರೆಮಾಡೋಕೆ ನಾನು ಒಪ್ಪಲ್ಲ."

"ಇದು ಸರ್ಕಾರದ ಕೆಲಸ ಮೇಡಂ."

"ಹಾಗಾದ್ರೆ ನನ್ನ ಹೆಸರು ತೆಗೆದುಹಾಕಿ. ಯಾಕೆ ಅಂತ ಪೇಪರಿನವರಿಗೆ ನಾನೇ ಹೇಳ್ತೀನಿ."

ಆಯುಕ್ತರು ಸ್ವಲ್ಪ ಹೊತ್ತು ಕೆಳಗೆ ನೋಡುತ್ತ ನಿಂತರು. ಆಮೇಲೆ ನಕ್ಕರು.

"ಆಯ್ತು ಬಿಡಿ. ಗೋಡೆ ಬೇಡ."

ಇಳಿದು ಬಂದಾಗ ಗಾರೆ ಹೊರುವ ಹುಲಿಗೆಮ್ಮ ಕೇಳಿದಳು, "ಮ್ಯಾಲಿಂದ ನಮ್ಮ ಮನಿ ಕಾಣತೈತೇನ್ರಿ ಅಕ್ಕಾರ?"

"ಚೆನ್ನಾಗಿ ಕಾಣುತ್ತೆ. ಯಾರೂ ಮುಚ್ಚಲ್ಲ," ಎಂದಳು ನಿರುಪಮಾ. ಗೆದ್ದ ಸಂತೋಷದಲ್ಲೇ ಅವಳು ಮರುದಿನ ಬೇರೆ ಊರಿನ ಕೆಲಸಕ್ಕೆ ಹೊರಟುಹೋದಳು.

ಮತ್ತೆ ಬಂದದ್ದು ಉದ್ಘಾಟನೆಯ ದಿನ. ಮೇಲೆ ಅತಿಥಿಗಳು ಪಶ್ಚಿಮದ ಕಂಬಿಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆಯುಕ್ತರು ಅವಳನ್ನು ಕೈಬೀಸಿ ಕರೆದರು.

"ಬನ್ನಿ ಮೇಡಂ. ನೀವು ಹೇಳಿದ ಹಾಗೇ ಗೋಡೆ ಕಟ್ಟಿಸಲಿಲ್ಲ."

ನಿರುಪಮಾ ಕಂಬಿ ಹಿಡಿದು ಬಗ್ಗಿ ನೋಡಿದಳು. ಕೊಳೆಗೇರಿ ಇದ್ದ ಜಾಗವನ್ನೆಲ್ಲ ಬುಲ್ಡೋಜರ್‌ನಿಂದ ಮಟ್ಟ ಮಾಡಿ, ಅದರ ಮೇಲೆ ಹಸಿರು ಹುಲ್ಲು ಹಾಸಿದ್ದರು.